ಕಂಡಿಕೆ ಬುಟ್ಟಿ ತುಂಬದ ನಿದ್ದೆ

ಮೊನ್ನೆ ಒಬ್ಬ ಬಸುರಿಯ ಕುಬಸದ ಕಾರ್ಯಕ್ಕೆಂದು ಬೆಟಗೇರಿಗೆ ಹೋಗಿದ್ದೆ. ಬೆಳಗಿನ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಸಿಕ್ಕ ಬಿಸಿಲು ಬಿಡಬಾರದೆಂದು ಯಾರೋ ನೂಲಿಗೆ ಗಂಜಿ ಹಾಕಿ ಓಣಿಯುದ್ದಕ್ಕೂ ಹರವಿದ್ದರು. ಮಳೆಗಾಲದ ಗಂಜಿ ಬೇಗ ಒಣಗುವುದಿಲ್ಲ, ಹುಳಿ ಹಿಡಿಯುತ್ತದೆ. ಆ ಹುಳಿವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎದೆ ಬಿಗಿಯಿತು. ದುಃಖಕ್ಕೆ ಬಿಗಿಯುವ ಹಾಗಲ್ಲ, ಕೂಸು ಅತ್ತಾಗ ಬಾಣಂತಿಯ ಎದೆ ಬಿಗಿಯುತ್ತದಲ್ಲ, ಹಾಗೆ. ನನ್ನ ಕೊನೆಯ ಮಗು ಹಾಲು ಬಿಟ್ಟು ಎಷ್ಟೋ ವರ್ಷಗಳಾಗಿವೆ. ಆದರೂ ಮೈ ಮರೆತಿಲ್ಲ. ಅಲ್ಲೇ ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲ ನೆನಪಾಯಿತು. ಜನ ಆ ವರ್ಷವನ್ನು ಬಾವುಟದಿಂದ ನೆನೆಯುತ್ತಾರೆ. ನನಗೆ ಅದು ಈರಣ್ಣ ಹಗಲು ಮಲಗದ ವರ್ಷ.

ಈರಣ್ಣ ನನ್ನ ಚೊಚ್ಚಲ ಮಗ. ಬೆಳ್ಳಟ್ಟಿಯಲ್ಲಿ, ನನ್ನ ತವರಿನಲ್ಲಿ ಹುಟ್ಟಿದ. ನಮ್ಮದು ಒಕ್ಕಲುತನದ ಮನೆಯಾದರೂ ಅಪ್ಪನದು ಒಂದು ಮಗ್ಗ ಇತ್ತು, ಹೊಲದ ಕೆಲಸ ಮುಗಿದಾಗ ನಡೆಯುವಂಥದ್ದು. ಅಲ್ಲಿದ್ದಷ್ಟು ದಿನ ಕೂಸು ನನ್ನ ಅವ್ವನ ಕಾಲ ಮೇಲೆಯೇ ಮಲಗಿತು. ಆಕೆ ಕಾಲು ಚಾಚಿ ಕೂತರೆ ಎದ್ದೇಳುವವಳಲ್ಲ. ಐದನೆಯ ತಿಂಗಳಿಗೆ ಬುತ್ತಿ ಕಟ್ಟಿ, ಉಡಿ ತುಂಬಿ, ಬಂಡಿಯಲ್ಲಿ ಕೂರಿಸಿ ನಮ್ಮನ್ನು ಬೆಟಗೇರಿಗೆ, ಗಂಡನ ಮನೆಗೆ ಕಳಿಸಿದರು. ಇಲ್ಲಿ ಕಾಲು ಚಾಚಿ ಕೂರಲು ಯಾರಿಗೂ ಹೊತ್ತಿರಲಿಲ್ಲ.

ನೇಕಾರರ ಮನೆ ಒಬ್ಬರ ದುಡಿಮೆಯಿಂದ ನಡೆಯುವುದಿಲ್ಲ. ಗಂಡ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಲಾಳಿ ಓಡಿಸಿದರೆ, ಲಾಳಿಯ ಹೊಟ್ಟೆಗೆ ನೂಲು ಬೇಕು. ಆ ನೂಲನ್ನು ಬೆರಳುದ್ದದ ಕಂಡಿಕೆಗೆ ಸುತ್ತಿ ಕೊಡುವುದು ಹೆಂಡತಿಯ ಕೆಲಸ. ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಸುತ್ತುತ್ತಿರಬೇಕು, ಬುಟ್ಟಿ ಬರಿದಾಗಬಾರದು. ಬುಟ್ಟಿ ಬರಿದಾದರೆ ಮಗ್ಗ ನಿಂತಿತು. ನಮ್ಮ ಅತ್ತೆ ನೀಲವ್ವ ತಮ್ಮ ಕಾಲಕ್ಕೆ ಓಣಿಯಲ್ಲೇ ಹೆಸರಾದ ಕೈ. ಆದರೆ ಕಣ್ಣಿಗೆ ಪೊರೆ ಬಂದು ಎಳೆ ಕಾಣುತ್ತಿರಲಿಲ್ಲ. ಹರಿದ ಎಳೆ ಹರಿದಂತೆಯೇ ಸುತ್ತಿಬಿಡುತ್ತಿದ್ದರು. ಅಡುಗೆ, ನೀರು, ಗಂಜಿ ಅವರದು. ಕಂಡಿಕೆ ನನ್ನದು.

ಆ ವರ್ಷ ನೂಲಿಗೂ ಕಂಟ್ರೋಲು, ಸೀಮೆಎಣ್ಣೆಗೂ ಕಂಟ್ರೋಲು. ಹೊತ್ತು ಮುಳುಗಿದ ಮೇಲೆ ದೀಪ ಹಚ್ಚಿ ನೇಯುವ ಹಾಗಿರಲಿಲ್ಲ. ಮೂರು ತಿಂಗಳು ಖಾಲಿ ನಿಂತಿದ್ದ ಮಗ್ಗಕ್ಕೆ ಅಂತೂ ನೂಲು ಸಿಕ್ಕಿತ್ತು. ನೂಲು ಕೊಟ್ಟ ಸಾಹುಕಾರ ಒಂದೇ ಮಾತು ಹೇಳಿದ್ದ: ನಾಗರಪಂಚಮಿಗೆ ಮುಂಚೆ ಎಲ್ಲ ಸೀರೆ ಬರಬೇಕು, ಬರದಿದ್ದರೆ ಮುಂದಿನ ನೂಲು ಬೇರೆ ಮನೆಗೆ. ನೂಲು ಹೋದರೆ ನನ್ನ ಗಂಡ ಸೊಲ್ಲಾಪುರದ ಗಿರಣಿಗೆ ಹೋಗಬೇಕಿತ್ತು. ಓಣಿಯ ಐದಾರು ಮಂದಿ ಆಗಲೇ ಹೋಗಿದ್ದರು. ಅಧಿಕ ಮಾಸ ಬಂದು ಆ ಸಲ ಪಂಚಮಿ ಒಂದು ತಿಂಗಳು ಮುಂದೆ ಹೋಗಿತ್ತು ಎಂಬುದೊಂದೇ ನಮಗಿದ್ದ ಆಸರೆ.

ಈರಣ್ಣ ರಾತ್ರಿ ಹೇಗೋ ಮಲಗುತ್ತಿದ್ದ. ಹಗಲಲ್ಲಿ ಮಾತ್ರ ಕೋಳಿನಿದ್ದೆ. ಪಡಸಾಲೆಯ ತೊಲೆಗೆ ಜೋಲಿ ಕಟ್ಟಿ, ನನ್ನ ಕಾಲಿಗೆ ಎಟುಕುವ ಹಾಗೆ ತಗ್ಗಿಸಿದ್ದೆವು. ಕೈಯಲ್ಲಿ ರಾಟಿ, ಕಾಲಲ್ಲಿ ಜೋಲಿ. ತೂಗುತ್ತ ತೂಗುತ್ತ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದ ಕೂಡಲೇ ಅತ್ತೆ ಕೈಸನ್ನೆ ಮಾಡಿ ಮೆಲ್ಲಗೆ ಹೇಳುತ್ತಿದ್ದರು.

"ಎತ್ತಕೊಂಡ್ ಒಳಗ್ ಹಾಕವ್ವ ಜಲ್ದಿ. ಈ ಖಟಪಟಾದಾಗ ಕೂಸು ಹ್ಯಾಂಗ ಮಲಗೀತು?"

ಅವರ ಮಾತು ಸರಿಯೆಂದೇ ನಾವೆಲ್ಲ ತಿಳಿದಿದ್ದೆವು. ಮಗ್ಗದ ಸದ್ದಿಗೆ ದೊಡ್ಡವರ ಕಿವಿಯೇ ಮಂದವಾಗುತ್ತದೆ, ಹಸುಳೆಯ ಗತಿಯೇನು? ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕ, ಕೌದಿ ಹಾಸಿ ಮಲಗಿಸಿ, ಬಾಗಿಲು ಮುಂದಕ್ಕೆ ಮಾಡಿ, ಹೆಜ್ಜೆ ಸಪ್ಪಳವಾಗದಂತೆ ಬಂದು ರಾಟಿಗೆ ಕೂರುತ್ತಿದ್ದೆ. ಏಳೆಂಟು ಕಂಡಿಕೆ ಆಗುತ್ತಿದ್ದವೋ ಇಲ್ಲವೋ, ಒಳಗಿಂದ ಚೀರಾಟ. ಬುಟ್ಟಿಯ ತಳವೂ ಮುಚ್ಚಿರುತ್ತಿರಲಿಲ್ಲ. ಎದ್ದ ಕೂಸು ಆಡಬೇಕಲ್ಲ, ಆಡುತ್ತಿರಲಿಲ್ಲ. ನಿದ್ದೆ ಅರ್ಧಕ್ಕೆ ಹರಿದ ಸಿಟ್ಟು ಅದಕ್ಕೆ. ಮುಖ ಕೆಂಪಗೆ ಮಾಡಿ, ಮೈ ಬಿಲ್ಲಿನಂತೆ ಬಗ್ಗಿಸಿ, ಮೊಲೆ ಬಾಯಿಗಿಟ್ಟರೆ ಎರಡು ಗುಟುಕು ಕುಡಿದು ಮತ್ತೆ ಅಳು. ಅತ್ತೆ ಎತ್ತಿಕೊಂಡರೆ ಇನ್ನೂ ಜೋರು. ನಾನೇ ಹೊತ್ತು ತಿರುಗಬೇಕು. ಮಗ್ಗದಿಂದ ಗಂಡನ ದನಿ ಬರುತ್ತಿತ್ತು: "ಗಂಗಾ, ಕಂಡಿಕಿ!" ಸ್ವಲ್ಪ ಹೊತ್ತಿಗೆ ಲಾಳಿಯ ಸದ್ದು ನಿಲ್ಲುತ್ತಿತ್ತು. ಆ ನಿಲ್ಲುವ ಸದ್ದು ನನ್ನ ಬೆನ್ನಿಗೆ ಬಡಿದಂತಾಗುತ್ತಿತ್ತು.

ಮಾಡದ ಉಪಾಯವಿಲ್ಲ. ಬಜೆ ತೇಯ್ದು ನೆಕ್ಕಿಸಿದೆವು. ನೆತ್ತಿಗೆ ಔಡಲ ಎಣ್ಣೆ ತಟ್ಟಿದೆವು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಎದುರು ಮನೆಯ ಹನುಮವ್ವ, ಅತ್ತೆಯ ಓರಗೆಯವಳು, ದಿನಕ್ಕೊಂದು ಬುದ್ಧಿ ಹೇಳುತ್ತಿದ್ದಳು.

"ಅದಕ್ಕ ದಣಿವ ಆಗೂದಿಲ್ಲ ಗಂಗವ್ವ. ಮಧ್ಯಾಹ್ನದ ತನಾ ಮಲಗಸಬ್ಯಾಡ. ಆಡಸು, ಕುಣಸು. ದಣದ್ರ ಸತ್ತ ಹೆಣಾ ಮಲಗಿದಂಗ ಮಲಗತೈತಿ."

"ಹೊಲಸು ಮಾತಾಡಬ್ಯಾಡ," ಎಂದು ಅತ್ತೆ ಗದರಿದರು.

"ನನ್ನ ಬಾಯಿ ಹೊಲಸ ಇರ್ಲಿ, ನಿನ್ನ ಮೊಮ್ಮಗ ಏನ ಕಡಿಮಿ ಇಲ್ಲ. ಓಣಿ ನಾಯಿನೂ ಇವನ ದನೀಗಿ ಅಂಜಿ ಬ್ಯಾರೇ ಓಣಿಗಿ ಹೋಗ್ಯಾವ."

ದಣಿಸಿ ನೋಡಿದೆವು. ಕೂಸು ಕಿವಿ ತಿಕ್ಕಿಕೊಂಡಿತು, ಕಣ್ಣು ತಿಕ್ಕಿಕೊಂಡಿತು, ಆಕಳಿಸಿತು. ನಾವು ಚಪ್ಪಾಳೆ ತಟ್ಟಿ ಎಚ್ಚರ ಇಟ್ಟೆವು. ಕೊನೆಗೆ ಅಳುತ್ತಳುತ್ತಲೇ ಮಲಗಿತು, ಎಂದಿಗಿಂತ ಬೇಗ ಎದ್ದಿತು. ದಣಿದಷ್ಟೂ ನಿದ್ದೆ ದೂರವೇ ಸರಿಯಿತು.

ನನ್ನ ತೋಳು ಸೋತವು, ಹಾಲು ತಗ್ಗಿತು. ರಾಟಿಯ ಮುಂದೆ ಕೂತಲ್ಲೇ ತೂಕಡಿಸಿ ಎಳೆ ಹರಿಯುತ್ತಿದ್ದೆ. ಒಮ್ಮೊಮ್ಮೆ ಆ ಚೀರುವ ಮುಖ ನೋಡಿ, ಇದು ಯಾರ ಕೂಸೋ, ನನಗೇಕೆ ಗಂಟು ಬಿತ್ತೋ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ಮತ್ತೆ ಅಳು ಬರುತ್ತಿತ್ತು. ತಾಯಿ ಮಗ ಇಬ್ಬರೂ ಅಳುವುದು ಕಂಡು ಗಂಡ ಮಗ್ಗದಿಂದ ಮೇಲೇಳದೆ ತಲೆ ತಗ್ಗಿಸಿ ಕೂರುತ್ತಿದ್ದರು.

ಬಾವುಟ ಏರುವ ದಿನ ಓಣಿಗೆ ಓಣಿಯೇ ಬೆಳಿಗ್ಗೆ ಶಾಲೆಯ ಬಯಲಿಗೆ ನಡೆಯಿತು. ಅತ್ತೆ ಹೊಸ ಕುಪ್ಪಸ ತೊಟ್ಟು ಹನುಮವ್ವನ ಜೊತೆ ಹೋದರು. ನನ್ನ ಗಂಡ, "ಇನ್ನೊಂದ್ ಗೇಣ ನೇಯ್ದು ಹೋಗ್ತೀನಿ" ಎಂದು ಮಗ್ಗಕ್ಕಿಳಿದರು. ಪಂಚಮಿ ಎದುರಿಗೇ ನಿಂತಿತ್ತಲ್ಲ. ಈರಣ್ಣ ಜೋಲಿಯಲ್ಲಿ ಕಣ್ಣು ಮುಚ್ಚಿದ. ಎತ್ತಿ ಒಳಗೆ ಹಾಕು ಎಂದು ಹೇಳಲು ಅತ್ತೆ ಇರಲಿಲ್ಲ, ಎತ್ತಲು ನನ್ನಲ್ಲಿ ಕಸುವಿರಲಿಲ್ಲ. ಬಿಟ್ಟೆ. ರಾಟಿ ತಿರುಗಿಸುತ್ತ ಕೂತೆ.

ಮೆರವಣಿಗೆ ನಮ್ಮ ಬಾಗಿಲ ಮುಂದೆಯೇ ಬಂತು. ಡೊಳ್ಳು, ಜಾಂಜ್, ಹುಡುಗರ ಜಯಕಾರ. ಗೂಡಿನೊಳಗಿನ ಹಣತೆ ಅಲುಗುವಷ್ಟು ಸದ್ದು. ಆತು, ಎದ್ದ, ಎಂದು ನಾನು ಜೋಲಿಗೆ ಕೈ ಹಾಕಿದೆ. ಕೂಸು ತುಟಿ ಚಪ್ಪರಿಸಿ ಮತ್ತೆ ನಿದ್ದೆಗೆ ಜಾರಿತು. ನನಗೆ ನಂಬಿಕೆಯಾಗಲಿಲ್ಲ. ಬುಟ್ಟಿ ಅರ್ಧ ತುಂಬಿತು, ಮುಕ್ಕಾಲಾಯಿತು. ಅಷ್ಟರಲ್ಲಿ ಗಂಡ, "ಇನ್ನ ಹೋಗದಿದ್ರ ಬಾವುಟದ ಬುಡಾ ಅಷ್ಟ ನೋಡ್ಬೇಕಾಗತೈತಿ" ಎಂದು ನಗುತ್ತ ಲಾಳಿ ಇಟ್ಟು ಎದ್ದರು. ಅವರಿಗೆ ಟೊಪ್ಪಿಗೆ ಹುಡುಕಿಕೊಡಲು ನಾನೂ ಎದ್ದೆ. ಮನೆ ಸ್ತಬ್ಧವಾಯಿತು. ಈರಣ್ಣ ಕಣ್ಣು ಬಿಟ್ಟು ತೊಲೆ ನೋಡಿದ, ಮೋರೆ ಸೊಟ್ಟ ಮಾಡಿದ, ಶುರು ಮಾಡಿದ.

"ನೋಡ ಲೇ ಇವನ್ನ! ಡೊಳ್ಳಿಗಿ ಏಳಲಿಲ್ಲ, ಅಪ್ಪ ಎದ್ದಕೂಡ್ಲೆ ಎದ್ದ," ಎಂದರು ಅವರು. ಇಬ್ಬರೂ ನಕ್ಕೆವು. ನಕ್ಕು ಮರೆತೆವು.

ಮರುದಿನ ಅಮಾವಾಸ್ಯೆ.

ನಮ್ಮ ಕಡೆ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ರೈತ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನಾವು ಲಾಳಿ ಹಿಡಿಯುವುದಿಲ್ಲ. ಮಗ್ಗ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ರಾಟಿಗೂ ಹೂ ಏರಿಸಿ ಸುಮ್ಮನೆ ಇಡಬೇಕು. ಆ ದಿನ ರಾಟಿ ತಿರುವಿದರೆ ಮನೆತನದ ಎಳೆ ಹರಿಯುತ್ತದೆಂಬ ನಂಬಿಕೆ. ಪಂಚಮಿ ಎಷ್ಟೇ ಹತ್ತಿರ ಬರಲಿ, ಅತ್ತೆಯ ಮನೆಯಲ್ಲಿ ಈ ಕಟ್ಟು ಮುರಿಯುವಂತಿರಲಿಲ್ಲ. ಗಂಡ ಪೂಜೆ ಮುಗಿಸಿ, ನಾಲ್ಕು ದಿನ ಹೆಚ್ಚಿಗೆ ಕೊಡಲು ಕೇಳುತ್ತೇನೆಂದು ಸಾಹುಕಾರನ ಮನೆಗೆ ಹೋದರು.

ಓಣಿಯಲ್ಲಿ ಎಲ್ಲೂ ಸದ್ದಿಲ್ಲ. ಜಿಟಿಜಿಟಿ ಮಳೆ ಮಾತ್ರ. ಈರಣ್ಣ ಬೆಳಗಿನಿಂದ ಕಣ್ಣು ಮುಚ್ಚಲಿಲ್ಲ. ಜೋಲಿಗೆ ಹಾಕಿದರೆ ಅಳು, ತೆಗೆದರೆ ಅಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ಗಂಟಲು ಕಟ್ಟಿ ದನಿ ಒಡೆದಿತ್ತು. ಬೆಕ್ಕಿನ ಮರಿ ನರಳಿದಂತೆ ಕೀರಲು ದನಿ. ಮೊಲೆ ಹಿಡಿಯಲೊಲ್ಲದು. ಬಾಯಿ ಒಣಗಿತ್ತು. ಹೀಗೇ ಆದರೆ ಈ ಕೂಸು ಉಳಿಯುವುದಿಲ್ಲ ಎಂದು ನನಗೆ ಆಗ ಖಂಡಿತವಾಗಿ ಅನಿಸಿತು.

ಹನುಮವ್ವ ಸೆರಗಿನ ತುದಿಯ ಗಂಟು ಬಿಚ್ಚುತ್ತ ಬಂದಳು. ಒಳಗೆ ಎಲೆಯಲ್ಲಿ ಸುತ್ತಿದ ಕಪ್ಪು ಚೂರು, ಅಫೀಮು. ಹತ್ತಿಯ ಗಿರಣಿಗೆ ಹೋಗುವ ಹೆಂಗಸರು ಕೂಸಿಗೆ ನೆಕ್ಕಿಸಿ ಮಲಗಿಸಿ ಹೋಗುತ್ತಿದ್ದರು. ಆಗ ಅದು ಗುಟ್ಟಿನ ಮಾತೂ ಅಲ್ಲ, ಪಾಪದ ಮಾತೂ ಅಲ್ಲ.

"ಎಳ್ಳಿನಷ್ಟ ಸಾಕ ನೀಲವ್ವ. ತಾಯಿ ಹಾಲಾಗ ತೇಯ್ದು ನಾಲಿಗಿಗಿ ಹಚ್ಚು. ಇವತ್ತ ಮಲಗತೈತಿ, ನಾಳೆ ಮಗ್ಗ ನಡಿತೈತಿ. ಹಿಂಗ ಅತ್ತು ಅತ್ತು ಸಾಯೂದಕ್ಕಿಂತ ಅದು ಛಲೋ ಅಲ್ಲೇನು?"

ಅತ್ತೆ ನನ್ನ ಮುಖ ನೋಡಿದರು. ಬೇಡವೆನ್ನುವ ತ್ರಾಣ ನನ್ನಲ್ಲಿರಲಿಲ್ಲ, ಬೇಕೆನ್ನುವ ಧೈರ್ಯವೂ ಇರಲಿಲ್ಲ. ಅವರು ಬಜೆ ತೇಯುವ ಕಲ್ಲು ತಂದರು. ನನ್ನ ಎದೆಯಿಂದ ನಾಲ್ಕು ಹನಿ ಹಾಲು ಹಿಂಡಿಸಿಕೊಂಡು ಆ ಚೂರನ್ನು ತೇಯ್ದರು. ಕಲ್ಲಿನ ಮೇಲೆ ಹಾಲು ಕಂದುಬಣ್ಣಕ್ಕೆ ತಿರುಗಿತು. ಬೆರಳ ತುದಿಗೆ ಹಚ್ಚಿಕೊಂಡು ಕೂಸಿನ ಹತ್ತಿರ ಬಗ್ಗಿದರು.

"ಎಷ್ಟೊತ್ತ ಮಲಗತೈತಿ?" ಎಂದು ಕೇಳಿದರು.

"ಹೊತ್ತ ಮುಳುಗೂತನಾ. ಮಿಸುಕಂಗಿಲ್ಲ ನೋಡು," ಎಂದಳು ಹನುಮವ್ವ.

ಅತ್ತೆಯ ಬೆರಳು ಅಲ್ಲೇ ನಿಂತಿತು.

"ನಮ್ಮ ಗೌರಿನೂ ಮಿಸುಕಲಿಲ್ಲ," ಎಂದರು.

ಗೌರಿ ನನ್ನ ಗಂಡನಿಗಿಂತ ಮೊದಲು ಹುಟ್ಟಿದ ಹೆಣ್ಣುಕೂಸು. ಮಲಗಿದಲ್ಲೇ ಹೋಯಿತಂತೆ ಎಂದಷ್ಟೇ ನಾನು ಕೇಳಿದ್ದೆ.

"ಅದಕ್ಕ ಗಾಳಿ ಸೋಕಿತ್ತು ಅಂತ ನೀನ ಹೇಳಿದ್ದಿ," ಹನುಮವ್ವನ ದನಿ ತಗ್ಗಿತು.

"ಹೇಳಿದ್ದೆ. ಮಂದಿ ಕೇಳಿದ್ರು, ಹೇಳಿದೆ." ಅತ್ತೆ ಬೆರಳನ್ನು ತಮ್ಮ ಸೆರಗಿಗೆ ಒರೆಸಿಕೊಂಡರು. ಒಮ್ಮೆ ಒರೆಸಿ ಸಾಲದೆಂಬಂತೆ ಮತ್ತೆ ಮತ್ತೆ ಒರೆಸಿಕೊಂಡರು. "ಅವತ್ತೂ ಹಿಂಗ ಕೆಲಸ ಭಾಳ ಇತ್ತು. ಸಂಜೀಮುಂದ ಎತ್ತಾಕ ಹೋದೆ. ತಣ್ಣಗಿತ್ತು."

ಕೂಸು ಕೀರುತ್ತಲೇ ಇತ್ತು. ಮಗ್ಗದ ಸದ್ದಿಲ್ಲದ ಆ ಮನೆಯಲ್ಲಿ ನನಗೆ ಹಿಂದಿನ ದಿನದ ಡೊಳ್ಳು ಕೇಳಿಸಿದಂತಾಯಿತು.

"ಅತ್ತಿ," ಎಂದೆ. "ನಿನ್ನೆ ಡೊಳ್ಳು ಬಡದ್ರೂ ಇವ ಏಳಲಿಲ್ರೀ. ಮಗ್ಗ ನಿಂತಕೂಡ್ಲೆ ಎದ್ದ. ಒಳಗ ಹಾಕಿರಲಿಲ್ಲ ನಾನು, ಜೋಲಿಯಾಗ ಬಿಟ್ಟಿದ್ದೆ."

"ಅದಕ್ಕ?"

"ದಿನಾ ನಾವು ಸಪ್ಪಳದಾಗ ಮಲಗಸ್ತೀವಿ, ಎತ್ತಿ ಸಪ್ಪಳ ಇಲ್ಲದಲ್ಲೆ ಇಡ್ತೀವಿ. ನಡುವ ಅದಕ್ಕ ಅರೆಎಚ್ಚರ ಆಕ್ಕೈತಿ. ಕಣ್ ಬಿಟ್ರ ಜೋಲಿ ಇಲ್ಲ, ಮಗ್ಗ ಇಲ್ಲ, ನಾನಿಲ್ಲ. ನಿಮ್ಮನ್ನ ಇಲ್ಲೆ ಮಲಗಿಸಿ ಬೆಳ್ಳಟ್ಟಿ ಹೊಲದಾಗ ಒಯ್ದಿಟ್ರ, ಎದ್ದು ಚೀರೂದಿಲ್ಲೇನ್ರಿ?"

ಅತ್ತೆ ಪೊರೆಗಣ್ಣಿನಿಂದ ನನ್ನತ್ತ ನೋಡುತ್ತ ನಿಂತರು. ನಾನು ಈರಣ್ಣನನ್ನು ಜೋಲಿಗೆ ಹಾಕಿದೆ. ರಾಟಿ ತಿರುವೋಣ ಎಂಬ ಮುಂದಿನ ಮಾತು ನನ್ನ ಬಾಯಿಂದ ಬರುವಂತಿರಲಿಲ್ಲ. ರಾಟಿಯ ಮೇಲೆ ಬೆಳಗಿನ ಹೂ ಇತ್ತು.

ಅತ್ತೆ ಹೋಗಿ ರಾಟಿಯ ಮುಂದೆ ಕೂತರು. ಹೂ ತೆಗೆದು ಕಣ್ಣಿಗೊತ್ತಿ ಪಕ್ಕಕ್ಕಿಟ್ಟರು. ಸೆರಗು ತಲೆಯ ಮೇಲೆ ಎಳೆದುಕೊಂಡು ಮಗ್ಗಕ್ಕೆ ಕೈ ಮುಗಿದರು. ಆಮೇಲೆ ನೂಲಿಲ್ಲದ, ಕಂಡಿಕೆಯಿಲ್ಲದ ಬರಿ ರಾಟಿಯನ್ನು ತಿರುವಿದರು.

ಕೂಸು ಕೂಡಲೇ ಮಲಗಿತೆಂದು ಹೇಳಿದರೆ ಸುಳ್ಳಾದೀತು. ಅಷ್ಟು ದಣಿದ ಕೂಸು ಹಾಗೆ ಸುಲಭಕ್ಕೆ ಇಳಿಯುವುದಿಲ್ಲ. ಅತ್ತಿತು, ಬಿಕ್ಕಿತು, ನಡುವೆ ತಡೆದು ಕೇಳಿಸಿಕೊಂಡಿತು, ಮತ್ತೆ ಅತ್ತಿತು. ನಾನು ತೂಗುತ್ತಿದ್ದೆ, ಅತ್ತೆ ತಿರುವುತ್ತಿದ್ದರು. ಬಿಕ್ಕುಗಳ ನಡುವಿನ ಅಂತರ ಬೆಳೆಯಿತು. ಮುಷ್ಟಿ ಬಿಚ್ಚಿತು. ನನ್ನ ಕೈ ರೂಢಿಯಂತೆ ಎತ್ತಲು ಹೋಯಿತು. ಅತ್ತೆ "ಹ್ಞಾಂ!" ಎಂದು ಕಣ್ಣು ಬಿಟ್ಟರು. ಕೈ ಹಿಂದೆಗೆದೆ.

ಅಷ್ಟರಲ್ಲಿ ಹೊರಗಿನಿಂದ ಗಂಡಸಿನ ದನಿ. ಮೂರು ಮನೆಯಾಚೆಯ ಹಿರಿಯರು, ನೇಕಾರರ ಕಟ್ಟುಕಟ್ಟಳೆ ನೋಡುವ ದೈವದ ಪಂಚರಲ್ಲಿ ಒಬ್ಬರು.

"ಯಾರದು ಅಮಾಸಿ ದಿನಾ ರಾಟಿ ತಿರುವೋರು? ಸಾಹುಕಾರಗ ಅಂಜಿ ದೇವ್ರನ್ನ ಬಿಟ್ರೇನು?"

ಅತ್ತೆ ಕೈ ನಿಲ್ಲಿಸಲಿಲ್ಲ. ದನಿಯನ್ನೂ ಏರಿಸಲಿಲ್ಲ. "ನಾನಪಾ, ನೀಲವ್ವ. ಕೂಸಿಗಿ ಅಮಾಸಿ ಹುಣ್ಣಿವಿ ಗೊತ್ತಿಲ್ಲ. ನಿನಗ ಗೊತ್ತಿದ್ರ ನೀ ಬಂದು ಮಲಗಸು."

ಅವರು ಏನೋ ಗೊಣಗಿದರು. ಹನುಮವ್ವ ಬಾಗಿಲಿಗೆ ಅಡ್ಡ ನಿಂತು, "ಹೋಗ್ರೀ ಯಜಮಾನ್ರ, ನಿಮ್ಮ ದಂಡ ನಾನ ಕೊಡ್ತೀನಿ, ಈಗ ಮೆತ್ತಗ ಮಾತಾಡ್ರಿ" ಎಂದು ಅವರನ್ನು ಸಾಗಹಾಕಿ ತಾನೂ ಹೋದಳು.

ಏಳೆಂಟು ಕಂಡಿಕೆ ಸುತ್ತುವಷ್ಟು ಹೊತ್ತಿಗೆ, ಎಂದಿನಂತೆ ಸರಿಯಾಗಿ ಈರಣ್ಣ ಮಿಸುಕಿದ. ರೆಪ್ಪೆ ಅರ್ಧ ತೆರೆಯಿತು. ರಾಟಿ ಗುಂಯ್‌ಗುಡುತ್ತಿತ್ತು. ಎಲ್ಲ ಇದ್ದಲ್ಲೇ ಇದೆ ಎಂದು ಅವನಿಗೆ ಹೇಗೋ ತಿಳಿಯಿತು. ರೆಪ್ಪೆ ಮುಚ್ಚಿತು. ನನ್ನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

ಆಮೇಲಿನ ದಿನಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜೋಲಿಯನ್ನು ಪಡಸಾಲೆಯಿಂದ ತೆಗೆಯಲಿಲ್ಲ. ಕಿವಿ ತಿಕ್ಕಿಕೊಂಡ ಕೂಡಲೇ, ಅಳು ಶುರುವಾಗುವ ಮುಂಚೆಯೇ ಮಲಗಿಸತೊಡಗಿದೆ. ಗಂಡ ಕಂಡಿಕೆ ಬದಲಿಸುವಾಗ ಕಾಲಿನಿಂದ ಹಲಗೆ ತುಳಿದು ಸದ್ದು ಮಾಡುತ್ತಿದ್ದರು. ಕೆಲವು ದಿನ ಆದರೂ ಬೇಗ ಏಳುತ್ತಿದ್ದ, ಕೂಸು ಯಂತ್ರವಲ್ಲವಲ್ಲ. ಪಂಚಮಿಗೆ ಒಂದು ಸೀರೆ ಕಡಿಮೆಯಾಯಿತು. ಸಾಹುಕಾರ ಮುಖ ಗಂಟಿಕ್ಕಿ, ಆದರೂ ನೂಲು ಕೊಟ್ಟ. ಸೊಲ್ಲಾಪುರ ತಪ್ಪಿತು. ಇವೆಲ್ಲ ಆಮೇಲೆ.

ಆ ಅಮಾವಾಸ್ಯೆಯ ಮಧ್ಯಾಹ್ನ ಜೋಲಿಯ ಹಗ್ಗ ಹಿಡಿದು ಕೂತವಳು ನಾನು ಯಾವಾಗ ನೆಲಕ್ಕೊರಗಿದೆನೋ ತಿಳಿಯದು. ಎಚ್ಚರಾದಾಗ ಮಳೆ ನಿಂತಿತ್ತು, ಬಾಗಿಲಿನ ಬಿಸಿಲು ಓರೆಯಾಗಿ ಗೋಡೆ ಹತ್ತಿತ್ತು. ಅಳು ಇಲ್ಲ. ಜೋಲಿ ಅಲುಗುತ್ತಿಲ್ಲ. ಇಷ್ಟು ಹೊತ್ತು? ಈರಣ್ಣ ಎಂದೂ ಇಷ್ಟು ಹೊತ್ತು ಮಲಗಿದವನಲ್ಲ. ನನ್ನ ಕಣ್ಣು ಬಜೆ ತೇಯುವ ಕಲ್ಲನ್ನು ಹುಡುಕಿತು. ಕಲ್ಲು ಇಟ್ಟಲ್ಲಿ ಇರಲಿಲ್ಲ. ತಡವರಿಸುತ್ತ ಎದ್ದು ಜೋಲಿಯ ಹತ್ತಿರ ಹೋದೆ.

"ತೊಳದಿಟ್ಟೀನಿ," ಎಂದರು ಅತ್ತೆ, ನಾನು ಕೇಳುವ ಮೊದಲೇ. "ಕೊಟ್ಟಿಲ್ಲವ್ವ. ತಾನ ಮಲಗೈತಿ."

ಅವರು ರಾಟಿಯ ಮುಂದಿನಿಂದ ಸರಿದು ಜೋಲಿಗೆ ಅಂಟಿಕೊಂಡು ಕೂತಿದ್ದರು. ಎಡಗೈ ಚಾಚಿ ರಾಟಿಯನ್ನು ಮೆಲ್ಲಗೆ ತಿರುವುತ್ತಲೇ ಇದ್ದರು. ಬಲಗೈಯ ಎರಡು ಬೆರಳು ಈರಣ್ಣನ ಮೂಗಿನ ಕೆಳಗಿದ್ದವು. ಪೊರೆಗಣ್ಣಿಗೆ ಉಸಿರಿನ ಏರಿಳಿತ ಕಾಣದು, ಅವರಿಗೆ ನೋಡಲು ಬೇರೆ ದಾರಿ ಇರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ.

"ನೀನೂ ಇಟ್ಟು ನೋಡು," ಎಂದು ತಮ್ಮ ಬೆರಳು ತೆಗೆಯದೆ ಸ್ವಲ್ಪ ಜಾಗ ಮಾಡಿಕೊಟ್ಟರು. "ಬೆಚ್ಚಗೈತಿ."